ಹೂಂ ಎನ್ನಲು ಒಬ್ಬರು ಬೇಕು

ನಮ್ಮಜ್ಜಿ ಕಥೆ ಶುರು ಮಾಡುವ ಮೊದಲೇ ಒಂದು ಕರಾರು ಹಾಕುತ್ತಿದ್ದಳು. ಕೇಳುವವರು ಹೂಂಗುಟ್ಟುತ್ತಿರಬೇಕು. ಎರಡು ಮಾತಿಗೊಮ್ಮೆ ಹೂಂ ಬರದಿದ್ದರೆ ಕಥೆ ಅಲ್ಲಿಗೇ ನಿಂತುಬಿಡುತ್ತಿತ್ತು. ರಾಜಕುಮಾರ ಏಳು ಸಮುದ್ರದ ನಡುವೆಯೇ ಉಳಿದುಹೋಗುತ್ತಿದ್ದ. ಅವಳ ಪ್ರತಿ ವಾಕ್ಯದ ಬಾಲಕ್ಕೂ ಒಂದು ‘ಅಂತೆ’ ಇರುತ್ತಿತ್ತು. ಒಬ್ಬ ರಾಜ ಇದ್ದನಂತೆ, ಅವನಿಗೆ ಇಬ್ಬರು ಹೆಂಡಿರಂತೆ. ಇದು ನಾನು ಕಂಡದ್ದಲ್ಲ, ನನಗಿಂತ ಹಿಂದಿನವರು ಹೇಳಿದ್ದು ಎಂಬ ಪ್ರಾಮಾಣಿಕತೆಯೆಲ್ಲ ಆ ಎರಡಕ್ಷರದಲ್ಲಿ ಅಡಗಿತ್ತು.

ಮೆಕ್ಸಿಕೊದ ದಕ್ಷಿಣ ತುದಿಯ ಚಿಯಾಪಾಸ್ ಬೆಟ್ಟಗಳಲ್ಲಿ ತ್ಸೊತ್ಸಿಲ್ ಎಂಬ ಮಾಯಾ ಭಾಷೆ ಬದುಕಿದೆ. ಅದರಲ್ಲೂ ಇಂಥದೇ ಒಂದು ಪುಟ್ಟ ಪದವಿದೆ: ‘ಲಾ’. ಕೇಳಿ ತಿಳಿದದ್ದನ್ನು ಹೇಳುವಾಗ ಅದನ್ನು ವಾಕ್ಯಕ್ಕೆ ಸೇರಿಸುತ್ತಾರೆ. ಹಿರಿಯರ ಕಥೆಗಳು, ಪುರಾಣಗಳು ‘ಲಾ’ ಹಿಡಿದುಕೊಂಡೇ ನಡೆಯುತ್ತವೆ. ಪಕ್ಕದ ತ್ಸೆಲ್ತಾಲ್ ಭಾಷೆಯವರ ಮಾತುಕತೆಯಲ್ಲಿ ಇನ್ನೊಂದು ಪದ್ಧತಿ ಎದ್ದು ಕಾಣುತ್ತದೆ. ಕೇಳುವವರು ಬರಿ ತಲೆಯಾಡಿಸಿ ಸುಮ್ಮನಿರುವುದಿಲ್ಲ. ಎದುರಿನವರು ಆಡಿದ ಮಾತಿನ ಒಂದು ತುಣುಕನ್ನು ಎತ್ತಿಕೊಂಡು ಅದನ್ನೇ ತಿರುಗಿ ನುಡಿಯುತ್ತಾರೆ. ನಮ್ಮ ಹೂಂಗಿಂತ ಒಂದು ಹೆಜ್ಜೆ ಮುಂದೆ.

ಇಂಥ ಭಾಷೆಯಾಡುವವರೊಬ್ಬರನ್ನು ಗೋಡೆಗೆಲ್ಲ ಹಾಸಿಗೆ, ಕಂಬಳಿ ನೇತುಹಾಕಿದ ಕೋಣೆಯೊಂದರಲ್ಲಿ ಕೂರಿಸಿ, ಮುಂದೆ ಮೈಕು ಇಟ್ಟು, ಲೂಕನ ಸುವಾರ್ತೆಯನ್ನು ಹೇಳಿ ಎಂದರೆ ಏನಾದೀತು? ಹೂಂ ಎನ್ನಲು ಎದುರಿಗೆ ಯಾರೂ ಇಲ್ಲ. ‘ಲಾ’ ಸೇರಿಸಿದರೆ ಯೇಸುವಿನ ಕಥೆ ಕೇಳಿಬಂದ ಕಥೆಗಳ ಸಾಲಿಗೆ ಹೋಗಿ ಕೂರುತ್ತದೆ. ಬಿಟ್ಟರೆ, ಹೇಳುವವರು ತಾವೇ ಕಣ್ಣಾರೆ ಕಂಡಂತೆ ಸಾಕ್ಷಿ ನುಡಿದ ಹಾಗಾಗುತ್ತದೆ. ಲೂಕನಾದರೂ ತಾನು ಕಂಡದ್ದನ್ನು ಬರೆದವನಲ್ಲ. ಕಂಡವರಿಂದ ಬಂದದ್ದನ್ನು ವಿಚಾರಿಸಿ ಬರೆಯುತ್ತಿದ್ದೇನೆಂದು ಪುಸ್ತಕದ ಬಾಗಿಲಲ್ಲೇ ಹೇಳಿಬಿಡುತ್ತಾನೆ. ಆದರೆ ಅವನು ಬರೆದ ಗ್ರೀಕ್ ಭಾಷೆ ಆ ಮಾತನ್ನು ಪ್ರತಿ ವಾಕ್ಯದಲ್ಲೂ ಹೇಳು ಎಂದು ಕೇಳಲಿಲ್ಲ. ನಮ್ಮ ಕನ್ನಡ ಬೈಬಲ್ ಕೂಡ ಹೋದನು, ಬಂದನು, ಹೇಳಿದನು ಎಂದೇ ಸಾಗುತ್ತದೆ. ಅಲ್ಲಿ ಒಬ್ಬನೂ ಹೋದನಂತೆ, ಬಂದನಂತೆ ಎನ್ನುವುದಿಲ್ಲ.

ಮಾಯಾ ಭಾಷೆಗಳಲ್ಲಿ ಧರ್ಮಗ್ರಂಥವನ್ನು ಧ್ವನಿಮುದ್ರಿಸುವ ಮಿಷನರಿ ಕೆಲಸದ ಬಗ್ಗೆ ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಂಥ ಚಿಕ್ಕ ಚಿಕ್ಕ ಇಕ್ಕಟ್ಟುಗಳು. ಅಚ್ಚಾದ ಪುಸ್ತಕ ಹಲವು ಪ್ರಶ್ನೆಗಳನ್ನು ಓದುವವರ ಪಾಲಿಗೆ ಬಿಟ್ಟು ಸುಮ್ಮನಿರಬಲ್ಲದು. ಧ್ವನಿಗೆ ಆ ಸೌಕರ್ಯವಿಲ್ಲ. ಬಾಯಿ ತೆರೆದ ಕೂಡಲೇ ಅದು ಯಾವ ಊರಿನದು, ಗಂಡೋ ಹೆಣ್ಣೋ, ಮುದುಕರೋ ಹುಡುಗರೋ, ಯಾವ ಮನೆತನದವರು ಎಂಬುದೆಲ್ಲ ಹೊರಬಿದ್ದಿರುತ್ತದೆ.

ಮಾಯಾ ಎಂದರೆ ನಮಗೆ ನೆನಪಾಗುವುದು ಕಾಡಿನ ನಡುವಿನ ಪಿರಮಿಡ್ಡುಗಳು, 2012ರಲ್ಲಿ ಜಗತ್ತು ಮುಗಿಯುತ್ತದೆಂದು ಎದ್ದ ಗದ್ದಲ. ಆ ಜನ ಎಲ್ಲಿಗೂ ಹೋಗಿಲ್ಲ. ಸುಮಾರು 30 ಮಾಯಾ ಭಾಷೆಗಳು ಇಂದಿಗೂ ಮಾತಿನಲ್ಲಿವೆ. ಗ್ವಾಟೆಮಾಲ ದೇಶವೊಂದೇ 22 ಮಾಯಾ ಭಾಷೆಗಳನ್ನು ಅಧಿಕೃತವಾಗಿ ಗುರುತಿಸಿದೆ. ಕಿಚೆ ಭಾಷೆಗೆ ಹತ್ತು ಲಕ್ಷದ ಆಸುಪಾಸು ಮಾತುಗಾರರಿದ್ದಾರೆ. ಇತ್ಸಾ ಭಾಷೆಗೆ ಬೆರಳೆಣಿಕೆಯ ಮುದುಕರು. ಶಾಲೆ, ಕಚೇರಿ, ಕೋರ್ಟು ಎಲ್ಲವೂ ಸ್ಪ್ಯಾನಿಷ್‌ನಲ್ಲಿ ನಡೆದದ್ದರಿಂದ ತಮ್ಮ ಭಾಷೆಯನ್ನು ನಿರರ್ಗಳವಾಗಿ ಆಡುವ ಎಷ್ಟೋ ಜನರಿಗೆ ಅದನ್ನು ಓದಲು ಬಾರದು. ಓದು ಬಲ್ಲವರು ಕೂಡ ಓದುವುದು ಸ್ಪ್ಯಾನಿಷನ್ನೇ. ಪುಸ್ತಕ ಅಚ್ಚುಹಾಕಿ ಕಪಾಟಿನಲ್ಲಿಟ್ಟರೆ ಮುಗಿಯಲಿಲ್ಲ, ಧ್ವನಿ ಬೇಕು ಎಂದು ಮಿಷನರಿಗಳಿಗೆ ಅನ್ನಿಸಿದ್ದು ಈ ಕಾರಣಕ್ಕೆ.

ಅನ್ನಿಸಿದ್ದು ಮೊದಲ ಸಲವೇನಲ್ಲ. 1537ರ ಸುಮಾರಿಗೆ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಡೊಮಿನಿಕನ್ ಪಾದ್ರಿ, ಸ್ಪ್ಯಾನಿಷ್ ಸೈನಿಕರಿಗೆ ಮಣಿಯದೆ ‘ಯುದ್ಧದ ನಾಡು’ ಎಂದೇ ಹೆಸರಾಗಿದ್ದ ತುಸುಲುತ್ಲಾನ್ ಸೀಮೆಗೆ ಕತ್ತಿಯಿಲ್ಲದೆ ಹೋಗುತ್ತೇನೆಂದು ಹಟ ಹಿಡಿದ. 17ನೇ ಶತಮಾನದ ಚರಿತ್ರೆಕಾರ ರೆಮೆಸಾಲ್ ಹೇಳುವ ಪ್ರಕಾರ, ಲಾಸ್ ಕಾಸಾಸ್ ಮತ್ತು ಸಂಗಡಿಗರು ಸೃಷ್ಟಿಯಿಂದ ಹಿಡಿದು ಕಡೆಯ ತೀರ್ಪಿನವರೆಗಿನ ಕಥೆಯನ್ನು ಸ್ಥಳೀಯ ಭಾಷೆಯಲ್ಲಿ ಪದ್ಯ ಕಟ್ಟಿ, ಆ ಕಡೆಗೆ ವ್ಯಾಪಾರಕ್ಕೆ ಹೋಗುತ್ತಿದ್ದ ನಾಲ್ವರು ಮಾಯಾ ವರ್ತಕರಿಗೆ ಬಾಯಿಪಾಠ ಮಾಡಿಸಿದರು. ವರ್ತಕರು ಸರಕು ಮಾರಿ, ಸಂಜೆಯಾದ ಮೇಲೆ ವಾದ್ಯ ನುಡಿಸಿಕೊಂಡು ಹಾಡಿದರು. ಊರಿನ ದೊರೆ ಮತ್ತೆ ಮತ್ತೆ ಹಾಡಿಸಿಕೊಂಡು, ಇದನ್ನು ಕಲಿಸಿದವರು ಯಾರು, ಕರೆಸಿ ಎಂದ. ಈ ಕಥೆಗೆ ರೆಮೆಸಾಲ್ ಬಣ್ಣ ಹಚ್ಚಿದ್ದಾನೆಂದು ಇತಿಹಾಸಕಾರರ ಗುಮಾನಿ ಇದೆ. ಆ ಸೀಮೆಗೆ ಆಮೇಲೆ ಬಂದ ವೆರಾಪಾಸ್, ಅಂದರೆ ನಿಜವಾದ ಶಾಂತಿ, ಎಂಬ ಹೆಸರು ಮಾತ್ರ ಇಂದಿಗೂ ನಕಾಶೆಯಲ್ಲಿದೆ. ರೆಕಾರ್ಡರ್ ಇಲ್ಲದ ಕಾಲದಲ್ಲಿ ನಾಲ್ವರು ಮನುಷ್ಯರೇ ರೆಕಾರ್ಡರ್ ಆಗಿದ್ದರು.

ಇನ್ನೊಬ್ಬ ಪಾದ್ರಿ ಕಿವಿಗೊಟ್ಟು ಕೇಳದೆ ಮಾಡಿದ ಎಡವಟ್ಟು ಕನ್ನಡದವರಿಗೆ ಥಟ್ಟನೆ ಅರ್ಥವಾಗುವಂಥದ್ದು. ಯುಕಟಾನಿನ ದಿಯೆಗೊ ದೆ ಲಾಂಡಾ 1562ರ ಜುಲೈಯಲ್ಲಿ ಮಾನಿ ಎಂಬಲ್ಲಿ ಮಾಯಾ ಗ್ರಂಥಗಳನ್ನು ರಾಶಿ ಹಾಕಿ ಸುಡಿಸಿದವನು. ಆ ಹೊತ್ತಿಗೆ ಇದ್ದ ಗ್ರಂಥಗಳಲ್ಲಿ ಇಂದು ನಮಗೆ ಉಳಿದಿರುವುದು ನಾಲ್ಕೇ. ವಿಚಿತ್ರವೆಂದರೆ, ಆ ಲಿಪಿಯ ಬಗ್ಗೆ ಟಿಪ್ಪಣಿ ಬರೆದಿಟ್ಟವನೂ ಅವನೇ. ಅವನು ಮಾಯಾ ಲಿಪಿಕಾರನನ್ನು ಕೂರಿಸಿಕೊಂಡು ಎ, ಬೆ, ಸೆ ಎಂದು ಸ್ಪ್ಯಾನಿಷ್ ಅಕ್ಷರಗಳ ಹೆಸರು ಹೇಳುತ್ತಾ ಹೋದ. ಲಿಪಿಕಾರನ ಲಿಪಿ ನಮ್ಮದರ ಹಾಗೆ ಕಾಗುಣಿತದ ಜಾತಿಯದು. ವ್ಯಂಜನವೂ ಸ್ವರವೂ ಕೂಡಿ ಒಂದು ಚಿಹ್ನೆ. ‘ಬೆ’ ಎಂದು ಕಿವಿಗೆ ಬಿದ್ದಾಗ ಅವನು ‘ಬೆ’ ಎಂಬ ಅಕ್ಷರವನ್ನೇ ಬರೆದ. ಅವನ ಭಾಷೆಯಲ್ಲಿ ಬೆ ಎಂದರೆ ದಾರಿ, ಹಾಗಾಗಿ ದಾರಿಯ ಮೇಲಿನ ಹೆಜ್ಜೆಗುರುತು. ಲಾಂಡಾ ಅದನ್ನು ‘ಬಿ’ ಎಂಬ ಒಂಟಿ ವ್ಯಂಜನವೆಂದು ದಾಖಲಿಸಿಕೊಂಡ. ಕೊನೆಗೆ ಏನಾದರೊಂದು ವಾಕ್ಯ ಬರೆ ಎಂದಾಗ ಆ ಲಿಪಿಕಾರ ಬರೆದದ್ದರ ಅರ್ಥ, ನನಗೆ ಬೇಡ ಎಂದು. ಪಾದ್ರಿ ಅದನ್ನೂ ಉದಾಹರಣೆಯಾಗಿ ಜೋಪಾನವಾಗಿ ಇಳಿಸಿಕೊಂಡಿದ್ದಾನೆ. ಸೋವಿಯತ್ ವಿದ್ವಾಂಸ ಯೂರಿ ಕ್ನೋರೊಜೋವ್ 1952ರಲ್ಲಿ ಈ ತಪ್ಪು ಪಟ್ಟಿಯನ್ನು ಕಾಗುಣಿತವೆಂದು ಓದಿದ ಮೇಲೆಯೇ ಮಾಯಾ ಲಿಪಿಯ ಬೀಗ ತೆರೆಯತೊಡಗಿದ್ದು.

ಈಗಿನ ಕೆಲಸದ ಬೇರು ಇರುವುದು 20ನೇ ಶತಮಾನದಲ್ಲಿ. 1917ರಲ್ಲಿ ಕ್ಯಾಮರಾನ್ ಟೌನ್ಸೆಂಡ್ ಎಂಬ ಇಪ್ಪತ್ತೊಂದು ವರ್ಷದ ಅಮೆರಿಕನ್ ತರುಣ ಸ್ಪ್ಯಾನಿಷ್ ಬೈಬಲ್ ಮಾರಲು ಗ್ವಾಟೆಮಾಲಕ್ಕೆ ಬಂದ. ನಿನ್ನ ದೇವರು ಅಷ್ಟು ದೊಡ್ಡವನಾದರೆ ಅವನಿಗೆ ನಮ್ಮ ಭಾಷೆ ಯಾಕೆ ಬರುವುದಿಲ್ಲ ಎಂದು ಕಕ್ಚಿಕೆಲ್ ಮಾಯಾ ಮನುಷ್ಯನೊಬ್ಬ ಅವನನ್ನು ಕೇಳಿದನೆಂದು ಮಿಷನರಿಗಳ ನಡುವೆ ಇಂದಿಗೂ ಹೇಳುತ್ತಾರೆ. ಆ ಪ್ರಶ್ನೆ ಹಾಗೆಯೇ ಕೇಳಿದ್ದೋ, ಹೇಳುತ್ತಾ ಹೇಳುತ್ತಾ ಹೊಳಪು ಪಡೆದದ್ದೋ, ಟೌನ್ಸೆಂಡ್ ಮಾರಾಟ ಬಿಟ್ಟು ಭಾಷೆ ಕಲಿಯಲು ಕೂತದ್ದಂತೂ ನಿಜ. ಕಕ್ಚಿಕೆಲ್ ಹೊಸ ಒಡಂಬಡಿಕೆ 1931ರಲ್ಲಿ ಅಚ್ಚಾಯಿತು. 1934ರಲ್ಲಿ ಅರ್ಕನ್ಸಾಸ್‌ನಲ್ಲಿ ಅವನು ಶುರು ಮಾಡಿದ ಬೇಸಿಗೆ ಶಿಬಿರವೇ ಮುಂದೆ ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್ ಎಂಬ, ಜಗತ್ತಿನ ಮೂಲೆ ಮೂಲೆಯ ಭಾಷೆಗಳಿಗೆ ಕೈಹಾಕಿದ ಸಂಸ್ಥೆಯಾಯಿತು.

ಧ್ವನಿಯ ಕಡೆಯ ಕಥೆ ಒಬ್ಬ ಹೆಂಗಸಿನದು. ಜಾಯ್ ರಿಡರ್‌ಹಾಫ್ 1930ರಲ್ಲಿ ಹೊಂಡುರಾಸಿನ ಬೆಟ್ಟದೂರುಗಳಿಗೆ ಹೋಗಿ, ಆರು ವರ್ಷದ ಬಳಿಕ ಕಾಯಿಲೆ ಬಿದ್ದು ಲಾಸ್ ಏಂಜಲೀಸಿಗೆ ಮರಳಿದರು. ಹಾಸಿಗೆಯಲ್ಲಿ ಮಲಗಿದ್ದಾಗ ಆಕೆಗೆ ನೆನಪಾದದ್ದು ಅಲ್ಲಿನ ಹೆಂಡದಂಗಡಿಗಳಲ್ಲಿ ಮೊಳಗುತ್ತಿದ್ದ ಗ್ರಾಮಫೋನು. ತಾನು ಮರಳಿ ಹೋಗಲಾಗದಿದ್ದರೆ ತನ್ನ ದನಿಯಾದರೂ ಹೋಗಲಿ ಎಂದು 1939ರಲ್ಲಿ ಗಾಸ್ಪೆಲ್ ರೆಕಾರ್ಡಿಂಗ್ಸ್ ಎಂಬ ಸಂಸ್ಥೆ ಕಟ್ಟಿದರು. ಸ್ಪ್ಯಾನಿಷ್‌ನಿಂದ ಶುರುವಾದದ್ದು ಬಹುಬೇಗ ಬರಹವೇ ಇಲ್ಲದ ಭಾಷೆಗಳತ್ತ ತಿರುಗಿತು. ಓದು ಬಾರದವರಿಂದ ಪಾಠ ಹೇಳಿಸುವುದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಎರಡು ಭಾಷೆ ಬಲ್ಲ ಒಬ್ಬರು ಒಂದೊಂದೇ ವಾಕ್ಯ ಹೇಳಿಕೊಡುವುದು, ಭಾಷೆಯವರು ಅದನ್ನು ತಮ್ಮ ಮಾತಿನಲ್ಲಿ ನುಡಿಯುವುದು, ನಡುವಿನ ಮೌನವನ್ನು ಕತ್ತರಿಸಿ ಜೋಡಿಸುವುದು. ಬ್ಯಾಟರಿ ಸಿಗದ ಕಡೆಗೆಂದು ಬೆರಳಲ್ಲಿ ತಟ್ಟೆ ತಿರುಗಿಸಿ ಕೇಳುವ, ಮಡಚಿಡಬಹುದಾದ ರಟ್ಟಿನ ಗ್ರಾಮಫೋನು ಕೂಡ ಈ ಬಳಗದಿಂದ ಬಂತು. ಇಂದು ಗ್ಲೋಬಲ್ ರೆಕಾರ್ಡಿಂಗ್ಸ್ ನೆಟ್‌ವರ್ಕ್ ಎಂಬ ಹೆಸರಿನ ಆ ಸಂಸ್ಥೆಯ ಭಾರತದ ಶಾಖೆ ಇರುವುದು ನಮ್ಮ ಬೆಂಗಳೂರಿನಲ್ಲೇ.

ತ್ಸೆಲ್ತಾಲ್ ಸೀಮೆಯಲ್ಲಿ ಆ ತಟ್ಟೆಗಳು ಪುಸ್ತಕಕ್ಕಿಂತ ಮುಂದಾಗಿ ಓಡಿದವು. ಅಲ್ಲಿಗೆ ಬಂದ ಮಿಷನರಿ ಮರಿಯಾನ ಸ್ಲೋಕಮ್ ಅವರ ಮದುವೆಗೆ ಆರು ದಿನವಿರುವಾಗ, ತ್ಸೆಲ್ತಾಲ್ ಕಲಿಯುತ್ತಿದ್ದ ಆಕೆಯ ವರ ತೀರಿಕೊಂಡಿದ್ದ. ಅದು 1941ರ ಮಾತು. ಅವನು ಬಿಟ್ಟ ಕೆಲಸಕ್ಕೆ ತಾನೇ ಕೂತರು. ನರ್ಸ್ ಫ್ಲಾರೆನ್ಸ್ ಗರ್ಡೆಲ್ ಜೊತೆಯಾದರು. ಓಸ್ಚುಕ್ ಕಡೆಯ ತ್ಸೆಲ್ತಾಲಿನಲ್ಲಿ ಹೊಸ ಒಡಂಬಡಿಕೆ ಬಂದದ್ದು 1956ರಲ್ಲಿ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು, ಕೀಲಿ ಕೊಡುವ ಗ್ರಾಮಫೋನನ್ನು ಹೊತ್ತು ತ್ಸೆಲ್ತಾಲರೇ ಬೆಟ್ಟ ಹತ್ತಿ ಇಳಿದಿದ್ದರು. ಪೆಟ್ಟಿಗೆಯೊಂದು ಸ್ಪ್ಯಾನಿಷ್ ಆಡುವುದು ಸೋಜಿಗವಲ್ಲ. ಅದು ತಮ್ಮ ಮನೆಮಾತು ಆಡಿತು, ಅದು ಸೋಜಿಗ. ಪೇಟೆಯ ಸ್ಪ್ಯಾನಿಷ್‌ನವರು ಗಿಳಿಪಾಠವೆಂದು ಹೀಗಳೆಯುತ್ತಿದ್ದ ಭಾಷೆಗೆ ಯಂತ್ರದ ಮರ್ಯಾದೆ ಸಿಕ್ಕಿತ್ತು. ಮತಾಂತರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಕ್ಷಣದ ತೂಕವನ್ನು ನಾನು ಕಡಿಮೆ ಮಾಡಲಾರೆ.

ಇನ್ನು ಅಕ್ಷರದ ಜಗಳ. ಮಾಯಾ ಭಾಷೆಗಳಲ್ಲಿ ಗಂಟಲನ್ನು ಕ್ಷಣ ಬಿಗಿಹಿಡಿದು ಪಟ್ಟೆಂದು ಸಿಡಿಸುವ ವ್ಯಂಜನಗಳಿವೆ. ನಮ್ಮ ಅಲ್ಪಪ್ರಾಣ ಮಹಾಪ್ರಾಣಗಳ ಹಾಗೆ ಅಲ್ಲಿ ಸಾದಾ ಮತ್ತು ಸಿಡಿತದ ಜೋಡಿ. ಕಕಾರವೇ ನಾಲ್ಕು ಬಗೆ: ನಾಲಿಗೆಯ ಹಿಂಭಾಗದ್ದು, ಇನ್ನೂ ಆಳದ ಕಿರುನಾಲಿಗೆಯದು, ಮತ್ತೆ ಎರಡರದ್ದೂ ಸಿಡಿತದ ರೂಪ. ಕಕ್ಚಿಕೆಲ್‌ನಲ್ಲಿ ಕೆಂಪು, ಚಿಗಟ, ಬೆಂಕಿ ಎಂಬ ಮೂರು ಮಾತುಗಳೂ ನಮ್ಮ ಕಿವಿಗೆ ಒಂದೇ ‘ಕಕ್’ ಎಂದು ಕೇಳಬಹುದು. ಇವನ್ನು ಬರೆಯುವುದು ಹೇಗೆ? ಮಿಷನರಿ ಭಾಷಾತಜ್ಞರು, ಮುಂದೆ ಸ್ಪ್ಯಾನಿಷ್ ಓದಲು ಸುಲಭವಾಗಲೆಂದು, ಸ್ಪ್ಯಾನಿಷ್ ಕಾಗುಣಿತಕ್ಕೆ ಹತ್ತಿರದ ಬರಹ ಮಾಡಿದ್ದರು. ನಮ್ಮ ಭಾಷೆ ಸ್ಪ್ಯಾನಿಷ್‌ಗೆ ಏರುವ ಮೆಟ್ಟಿಲಲ್ಲ ಎಂದು ಮಾಯಾ ವಿದ್ವಾಂಸರು ತಿರುಗಿಬಿದ್ದರು. 1987ರ ನವೆಂಬರಿನಲ್ಲಿ ಗ್ವಾಟೆಮಾಲ ಸರ್ಕಾರ ಅವರ ಏಕರೂಪದ ವರ್ಣಮಾಲೆಯನ್ನು ಒಪ್ಪಿತು; 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿ ಕಾನೂನಿನ ಬಲ ಪಡೆಯಿತು. ಜಗಳ ಬರಿ ಅಕ್ಷರದ್ದಾಗಿರಲಿಲ್ಲ. ಬೈಬಲ್ ಅನುವಾದದ ಅನುಕೂಲಕ್ಕೆ ಮಿಷನರಿ ಪಟ್ಟಿಗಳು ಕಕ್ಚಿಕೆಲ್ ಒಂದನ್ನೇ ಹತ್ತರಷ್ಟು ಬೇರೆ ಬೇರೆ ಭಾಷೆಗಳೆಂದು ಎಣಿಸಿದ್ದವು. ಧಾರವಾಡದ್ದು, ಕುಂದಾಪುರದ್ದು, ಚಾಮರಾಜನಗರದ್ದು ಮೂರೂ ಬೇರೆ ಭಾಷೆ ಎಂದು ಹೊರಗಿನವರು ಪಟ್ಟಿ ಮಾಡಿದರೆ ನಮಗೆ ಹೇಗಾದೀತು? ಹಾಗಂತ ಕುಂದಾಪುರದ ಅಜ್ಜಿಗೆ ಬೆಂಗಳೂರು ವಾರ್ತೆಯ ಕನ್ನಡ ಮನೆಮಾತೆಂದು ಅನ್ನಿಸುತ್ತದೆಯೇ?

ಧ್ವನಿಮುದ್ರಣ ಸಿಕ್ಕಿಕೊಳ್ಳುವುದು ಸರಿಯಾಗಿ ಇಲ್ಲೇ. ಬರಹದಲ್ಲಿ ಊರೂರಿನ ಉಚ್ಚಾರದ ವ್ಯತ್ಯಾಸ ಮುಚ್ಚಿಹೋಗುತ್ತದೆ. ಓದುವವರು ತಮ್ಮ ಊರಿನ ಸ್ವರ ಹಾಕಿಕೊಂಡು ಓದುತ್ತಾರೆ. ರೆಕಾರ್ಡಿಂಗಿನಲ್ಲಿ ಒಂದೂರಿನ ಸ್ವರವೇ ಎಲ್ಲ ಊರಿನ ಮೇಲೂ ಹರಡುತ್ತದೆ. ಎರಡು ಕಣಿವೆ ಆಚೆಯವರು ಕೇಳಿ, ಇದು ಅವರೂರ ಬೈಬಲ್ ಎಂದು ಪಕ್ಕಕ್ಕಿಡಬಹುದು.

ಇವತ್ತಿನ ರೆಕಾರ್ಡಿಂಗ್ ದೊಡ್ಡ ಕಾರ್ಯ. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ 1972ರಲ್ಲಿ ಹುಟ್ಟಿದ ಫೇತ್ ಕಮ್ಸ್ ಬೈ ಹಿಯರಿಂಗ್ ಎಂಬ ಸಂಸ್ಥೆ ಈ ಕ್ಷೇತ್ರದ ದೊಡ್ಡಣ್ಣ. ಸಾವಿರಕ್ಕೂ ಹೆಚ್ಚು ಭಾಷೆಗಳಲ್ಲಿ ಅದರ ಧ್ವನಿಗ್ರಂಥಗಳಿವೆ. ನಂಬಿಕೆ ಹುಟ್ಟುವುದು ಕೇಳುವುದರಿಂದ ಎಂಬ ಪೌಲನ ಮಾತೇ ಅದರ ಹೆಸರು. ಹೊಸ ಒಡಂಬಡಿಕೆ ಎಂದರೆ 27 ಪುಸ್ತಕ, 260 ಅಧ್ಯಾಯ, ಎಂಟು ಸಾವಿರದ ಹತ್ತಿರ ವಚನಗಳು. ಅದನ್ನು ನಾಟಕದ ಹಾಗೆ ಪಾತ್ರ ಹಂಚಿ, ಹತ್ತಾರು ಊರವರ ದನಿಯಲ್ಲಿ, ವಚನ ವಚನವಾಗಿ ಮುದ್ರಿಸುತ್ತಾರೆ. ವಾರಗಟ್ಟಲೆ ಹಿಡಿಯುತ್ತದೆ. ಓದು ಬಾರದ ಪಾತ್ರಧಾರಿಗೆ ಇನ್ನೊಬ್ಬರು ಹೇಳಿಕೊಡುತ್ತಾರೆ. ಬೆಟ್ಟದೂರಿನಲ್ಲಿ ನಿಶ್ಶಬ್ದ ಸಿಗುವುದು ಸುಲಭವಲ್ಲ. ಹುಂಜ, ನಾಯಿ, ತಗಡಿನ ಸೂರಿನ ಮೇಲೆ ಮಳೆ, ಜೋಳ ಬೀಸುವ ಗಿರಣಿ, ಹಬ್ಬದ ಪಟಾಕಿ, ಪೇಟೆಗೆ ಹೊರಟ ಬಸ್ಸಿನ ಹಾರ್ನು. ಪೇತ್ರ ಮೂರು ಸಲ ಗುರುವನ್ನು ಅಲ್ಲಗಳೆದಾಗ ಕೋಳಿ ಕೂಗಬೇಕು ನಿಜ, ಬೆಟ್ಟದ ಪ್ರಸಂಗದ ನಡುವೆ ಕೂಗಿದರೆ ಆ ವಚನವನ್ನು ಮತ್ತೆ ಮೊದಲಿಂದ ಹೇಳಬೇಕು.

ಯೇಸುವಿನ ದನಿ ಯಾರದಾಗಬೇಕು? ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ದನಿಯ ಪರಿಚಯವಿರುತ್ತದೆ. ಇದು ಇಂಥವರ ಮಗನದಲ್ಲವೇ, ಕಳೆದ ವರ್ಷ ಹೊಲದ ಗಡಿ ವ್ಯಾಜ್ಯ ತೆಗೆದವನಲ್ಲವೇ ಎಂದು ಯಾರಾದರೂ ಗುರುತು ಹಿಡಿದರೆ ಸುವಾರ್ತೆ ಅಲ್ಲಿಗೇ ಕುಸಿಯುತ್ತದೆ.

ಕೆಲವೆಡೆ ಭಾಷೆಯೇ ಕೈಹಿಡಿದು ನಡೆಸುತ್ತದೆ. ಮಾಯಾ ಪ್ರಾರ್ಥನೆಗಳು, ಹಿರಿಯರ ಹರಕೆ ಆಶೀರ್ವಾದಗಳು ಜೋಡಿಸಾಲಿನಲ್ಲಿ ಸಾಗುತ್ತವೆ. ಒಂದು ಮಾತು ಹೇಳಿ, ಅದನ್ನೇ ಇನ್ನೊಂದು ಪದದಲ್ಲಿ ಮತ್ತೆ ಹೇಳುವುದು. ಕಿಚೆಯಲ್ಲಿ ದಿನದ ಗಣನೆ ಬಲ್ಲ ಪೂಜಾರಿಗೆ ‘ತಾಯಿತಂದೆ’ ಎಂದೇ ಹೆಸರು. ಹೀಬ್ರೂ ಕೀರ್ತನೆಗಳ ಕಟ್ಟೂ ಇದೇ ಜೋಡಿಯ ಕಟ್ಟು. ಮೂರು ಸಾವಿರ ವರ್ಷ, ಎರಡು ಸಾಗರದ ಆಚೆಯ ಎರಡು ಜನ ಒಂದೇ ಲಯದಲ್ಲಿ ದೇವರನ್ನು ಕರೆದಿದ್ದಾರೆ ಎಂಬುದು ನನಗಂತೂ ಮೈ ನವಿರೇಳಿಸುವ ಸಂಗತಿ. ಕಿಚೆಯ ಎಣಿಕೆ ಇಪ್ಪತ್ತರ ಮೇಲೆ ನಿಂತದ್ದು. ಕೈಕಾಲಿನ ಬೆರಳೆಲ್ಲ ಸೇರಿ ಇಪ್ಪತ್ತು ಎಂದರೆ ‘ಒಬ್ಬ ಮನುಷ್ಯ’, ನಲವತ್ತು ಎಂದರೆ ‘ಇಬ್ಬರು ಮನುಷ್ಯರು’. ಆ ಎಣಿಕೆಯಲ್ಲಿ ಯೇಸು ಅಡವಿಯಲ್ಲಿ ಉಪವಾಸವಿದ್ದ ದಿನಗಳು ಇಬ್ಬರು ಮನುಷ್ಯರ ಬೆರಳಿನಷ್ಟು.

ಈ ಕೆಲಸ ನಡೆದ ನೆಲ ಶಾಂತವಾಗಿರಲಿಲ್ಲ ಎಂಬುದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. 1970ರ ದಶಕದಿಂದ ಚಿಯಾಪಾಸಿನ ಸಾನ್ ಹುವಾನ್ ಚಾಮುಲಾದಲ್ಲಿ ಮಿಷನರಿಗಳ ಹೊಸ ಮತಕ್ಕೆ ಹೋದ ಸಾವಿರಾರು ತ್ಸೊತ್ಸಿಲರನ್ನು ಊರಿನ ಯಜಮಾನರು ಮನೆ ಹೊಲ ಬಿಡಿಸಿ ಓಡಿಸಿದರು. ಹಬ್ಬದ ಖರ್ಚು, ಹೆಂಡದ ವ್ಯಾಪಾರ, ಪಕ್ಷ ರಾಜಕೀಯ ಎಲ್ಲ ಆ ಯಜಮಾನರ ಕೈಯಲ್ಲಿದ್ದವು. ಹೊಸ ಮತದವರು ಕುಡಿಯುವುದನ್ನೂ ಹಬ್ಬಕ್ಕೆ ದುಡ್ಡು ಕೊಡುವುದನ್ನೂ ಬಿಟ್ಟಿದ್ದರು. ಅತ್ತ ಗ್ವಾಟೆಮಾಲದಲ್ಲಿ 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಸುಮಾರು ಎರಡು ಲಕ್ಷ ಜನ ಸತ್ತರು ಅಥವಾ ಕಾಣೆಯಾದರು. ಗುರುತು ಸಿಕ್ಕ ಬಲಿಗಳಲ್ಲಿ ನೂರಕ್ಕೆ 83 ಮಂದಿ ಮಾಯಾ ಜನರೆಂದು ಸತ್ಯಶೋಧನಾ ಆಯೋಗ ಹೇಳಿತು. ಆ ಯುದ್ಧದ ಅತಿ ಕ್ರೂರ ದಿನಗಳಲ್ಲಿ, 1982 ಮತ್ತು 83ರಲ್ಲಿ, ಅಧಿಕಾರದಲ್ಲಿದ್ದ ಎಫ್ರಾಯಿನ್ ರಿಯೊಸ್ ಮೊಂಟ್ ಬೈಬಲ್ ಹಿಡಿದು ಟಿವಿಯಲ್ಲಿ ಉಪದೇಶ ಮಾಡುತ್ತಿದ್ದ ಇವ್ಯಾಂಜೆಲಿಕಲ್ ಕ್ರೈಸ್ತ. ಬೈಬಲ್ಲಿನ ದನಿ ಯಾರ ಬಾಯಿಂದ ಬಂತು ಎಂಬುದನ್ನು ಮಾಯಾ ಜನ ಮರೆಯುವ ಹಾಗಿಲ್ಲ.

ಅದೇ ಯುದ್ಧದಲ್ಲಿ ಇನ್ನೊಂದು ದನಿಯೂ ಇತ್ತು. ಅತಿತ್ಲಾನ್ ಸರೋವರದ ದಡದ ಸಾಂತಿಯಾಗೊ ಅತಿತ್ಲಾನ್ ಊರಿನಲ್ಲಿ ಒಕ್ಲಹೋಮದ ಕ್ಯಾಥೊಲಿಕ್ ಮಿಷನ್ ತ್ಸುತುಹಿಲ್ ಭಾಷೆಯನ್ನು ಬರಹಕ್ಕಿಳಿಸಿ, ಆ ಭಾಷೆಯಲ್ಲಿ ರೇಡಿಯೊ ಕೇಂದ್ರ ನಡೆಸಿತ್ತು. 1968ರಲ್ಲಿ ಅಲ್ಲಿಗೆ ಬಂದ ಪಾದ್ರಿ ಸ್ಟಾನ್ಲಿ ರೋಥರ್ ರೈತನ ಮಗ. ಲ್ಯಾಟಿನ್ ತಲೆಗೆ ಹತ್ತದೆ ಗುರುಮಠದಿಂದ ಹೊರಬಿದ್ದಿದ್ದವನು. ಅದೇ ಮನುಷ್ಯ ತ್ಸುತುಹಿಲ್ ಕಲಿತು ಅದರಲ್ಲೇ ಪೂಜೆ, ಪ್ರವಚನ ನಡೆಸಿದ. 1980ರಲ್ಲಿ ಆ ರೇಡಿಯೊ ನಿರ್ದೇಶಕನನ್ನು ಅಪಹರಿಸಲಾಯಿತು. ಹತರಾಗಬೇಕಾದವರ ಪಟ್ಟಿಯಲ್ಲಿ ತನ್ನ ಹೆಸರಿದೆ ಎಂದು ತಿಳಿದು ಊರಿಗೆ ಹೋದ ರೋಥರ್, ಈಸ್ಟರ್ ಹೊತ್ತಿಗೆ ಮರಳಿ ಬಂದ. 1981ರ ಜುಲೈ 28ರಂದು ಅವನನ್ನು ಅವನ ಕೋಣೆಯಲ್ಲೇ ಕೊಂದರು. ದೇಹ ಒಕ್ಲಹೋಮಕ್ಕೆ ಹೋಯಿತು. ಅವನ ಹೃದಯವನ್ನು ತ್ಸುತುಹಿಲ್ ಜನ ತಮ್ಮ ಚರ್ಚಿನಲ್ಲೇ ಇಟ್ಟುಕೊಂಡರು.

ಇತ್ತೀಚೆಗೆ ಈ ರೆಕಾರ್ಡಿಂಗುಗಳಿಗೆ ಯಾರೂ ಎಣಿಸಿರದ ಇನ್ನೊಂದು ಗಿರಾಕಿ ಬಂದಿದೆ. 2023ರಲ್ಲಿ ಮೆಟಾ ಕಂಪನಿ ಸಾವಿರದ ನೂರಕ್ಕೂ ಹೆಚ್ಚು ಭಾಷೆಗಳ ಮಾತನ್ನು ಗುರುತಿಸುವ, ಆಡುವ ಕಂಪ್ಯೂಟರ್ ಮಾದರಿಗಳನ್ನು ಬಿಡುಗಡೆ ಮಾಡಿತು. ಅಷ್ಟು ಭಾಷೆಗಳಲ್ಲಿ ಬರಹವೂ ದನಿಯೂ ಜೊತೆಯಾಗಿ ಸಿಗುವ ಪಠ್ಯ ಇನ್ನಾವುದಿದೆ? ಹೊಸ ಒಡಂಬಡಿಕೆಯ ಧ್ವನಿಮುದ್ರಣಗಳನ್ನೇ ಪಾಠವಾಗಿ ಉಣಿಸಿದರು. ಕಿಚೆ, ಕಕ್ಚಿಕೆಲ್, ಮಾಮ್, ತ್ಸೊತ್ಸಿಲ್ ಎಲ್ಲ ಅದರಲ್ಲಿವೆ. ಮಾಯಾ ಭಾಷೆಗಳು ಯಂತ್ರದ ಕಿವಿಗೆ ಬಿದ್ದದ್ದು ಹೀಗೆ, ಬಹುಪಾಲು ಗಂಡಸರ ದನಿಯಲ್ಲಿ, ಕುರುಬರು, ಬೆಸ್ತರು, ಸುಂಕದವರ ಕಥೆಗಳ ಮೂಲಕ. ಮಗುವನ್ನು ರಮಿಸುವ ಮಾತು, ಸಂತೆಯ ಚೌಕಾಸಿ, ಹೆರಿಗೆ ಮಾಡಿಸುವ ಅಜ್ಜಿಯ ಸಮಾಧಾನದ ನುಡಿ ಅದರಲ್ಲಿಲ್ಲ. ಸುವಾರ್ತೆ ಮುದ್ರಿಸಲು ಮಿಷನರಿಗಳಿಗಿದ್ದಷ್ಟು ಹುರುಪು ಅವನ್ನು ಮುದ್ರಿಸಿಡಲು ಬೇರೆ ಯಾರಿಗೂ, ಸರ್ಕಾರಗಳಿಗಂತೂ, ಇರಲಿಲ್ಲ ಎಂಬುದು ನನ್ನ ಸಂಕಟ.

ಕೆಲಸ ಅರಸಿ ಬಂದ ಸಾವಿರಾರು ಮಾಮ್ ಮಾತುಗಾರರು ಇಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿದ್ದಾರೆ. ಬೆಟ್ಟದೂರಿನ ಆ ದನಿಗಳು ಈಗ ಫೋನಿನ ಆ್ಯಪಿನಲ್ಲಿ ಸಿಗುತ್ತವೆ; ಬೇಕೆಂದವರು ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳಬಹುದು. ಊರುಗಳಲ್ಲಿ ಇದಕ್ಕೆಂದೇ ಮಾಡಿದ, ಬಿಸಿಲಲ್ಲೂ ಕೈಯಿಂದ ತಿರುಗಿಸಿಯೂ ಚಾರ್ಜ್ ಆಗುವ ಪೆಟ್ಟಿಗೆಯೊಂದಿದೆ. ಅದನ್ನು ನಡುವೆ ಇಟ್ಟುಕೊಂಡು ಜನ ಸುತ್ತ ಕೂರುತ್ತಾರೆ. ಅರ್ಧ ಗಂಟೆ ಕೇಳಿ, ಪೆಟ್ಟಿಗೆ ಆರಿಸಿ, ಕೇಳಿದ್ದರ ಬಗ್ಗೆ ಮಾತಾಡುತ್ತಾರೆ. ಕಂಬಳಿ ಕಟ್ಟಿದ ಕೋಣೆಯಲ್ಲಿ ಯಾರೋ ಒಬ್ಬರು ಎದುರಿಗೆ ಯಾರೂ ಇಲ್ಲದೆ ಹೇಳಿದ ಕಥೆಗೆ ಇಲ್ಲಿ ಒಬ್ಬರು, ಅಲ್ಲಿ ಒಬ್ಬರು, ಅದರದೇ ತುಣುಕು ಹಿಡಿದು ಹೂಂಗುಟ್ಟುತ್ತಾರೆ.